ಒಂದೇ ಗಂಟಲು

ಊರಿನ ಹೆಸರಿಗೆ ದೋಣಿ ಎಂದರ್ಥ.
ನಕ್ಷೆಯಲ್ಲಿ ಲೋಡ್ಜ್, ನಮ್ಮ ಬಾಯಲ್ಲಿ ವೂಚ್.
ದೋಣಿ ಸರಿ, ಹೊಳೆ ಎಲ್ಲಿ ಅನ್ನಬೇಡಿ.
ಗಿರಣಿಗಳ ಕಾಲದಲ್ಲೇ ಹೊಳೆಗಳನ್ನು
ರಸ್ತೆಯಡಿಗೆ ತಳ್ಳಿ ಮುಚ್ಚಿದರು.
ಈಗಲೂ ಹರಿಯುತ್ತವಂತೆ, ಟ್ರಾಮಿನ ಕೆಳಗೆ, ಕತ್ತಲಲ್ಲಿ.

ಹಳೆಯ ನೂಲಿನ ಗಿರಣಿಯಲ್ಲಿ ಈ ಸಲದ ಕನ್ವೆನ್ಷನ್ನು.
ನಾನು ಸ್ವಯಂಸೇವಕಿ: ಕೊರಳಿಗೆ ಹಳದಿ ಪಟ್ಟಿ,
ಕೈಯಲ್ಲಿ ನೀರಿನ ಬಾಟಲಿ, ವಯಸ್ಸು ನಲವತ್ತೇಳು.
ಬಾಗಿಲಲ್ಲಿ ಡ್ರ್ಯಾಗನ್ನೊಂದು ಸಿಕ್ಕಿಕೊಂಡಿತ್ತು.
ಹನ್ನೊಂದು ರಾತ್ರಿ ಪ್ರಿಂಟರು ಪದರ ಪದರವಾಗಿ ಹೆತ್ತ ರೆಕ್ಕೆ;
ಬಾಗಿಲಿನ ಅಳತೆ ಯಾರೂ ತೆಗೆದಿರಲಿಲ್ಲ.
"ಎಡಗಡೇದು ಸ್ವಲ್ಪ ಎತ್ತಿ ಮೇಡಂ," ಒಳಗಿನಿಂದ ಬೆವರಿದ ದನಿ.
ಎತ್ತಿದೆ. ತೂಕವೇ ಇಲ್ಲ.

ಮೂರನೇ ಸಾಲಿನ ಕೊನೆಯ ಮೇಜಿನಲ್ಲಿ
ಬೊಗುಮಿಲ್ ಶ್ರೈತರ್ ಕೂತಿದ್ದರು.
ಎದುರಿಗೊಂದು ರಟ್ಟು, ಅದರ ಮೇಲೆ: ಧ್ವನಿ.
ಅಷ್ಟೇ.

ಇದನ್ನು ನಿಮಗೆ ಹೇಳಬೇಕು:
ಹೊರಗಿನ ಸಿನಿಮಾ ನಮ್ಮಲ್ಲಿಗೆ ಬಂದರೆ
ಗಂಡಿಗೆ, ಹೆಣ್ಣಿಗೆ, ಕೂಸಿಗೆ, ರೋಬೋಟಿಗೆ
ಓದುವವನು ಒಬ್ಬನೇ.
ಅಳುವನ್ನೂ ಅಳದೆ ಓದುತ್ತಾನೆ,
ಹವಾಮಾನ ವರದಿಯ ಹಾಗೆ.
ಕೆಳಗೆ ಮೂಲದ ದನಿ ಹರಿಯುತ್ತಲೇ ಇರುತ್ತದೆ;
ಇವನು ಉಸಿರೆಳೆದಾಗ ತುಸು ಮೇಲೆದ್ದು
ಮತ್ತೆ ಮುಳುಗುತ್ತದೆ.

ಎಂಬತ್ತಾರರಲ್ಲಿ ಆತ ಹಗಲು ಟ್ರಾಮಿನ ಟಿಕೆಟ್ ತಪಾಸಕ.
ರಾತ್ರಿ ಅಡುಗೆಮನೆಯಲ್ಲಿ ತಲೆಗೆ ಕಂಬಳಿ ಹೊದ್ದು,
ತೊಡೆಯ ಮೇಲೆ ನಿಘಂಟು ಇಟ್ಟು,
ಹ್ಯಾಂಬರ್ಗಿನ ಲಾರಿಯಲ್ಲಿ ಕದ್ದು ಬಂದ ಕ್ಯಾಸೆಟ್ಟುಗಳಿಗೆ
ಬಾಯಿ ಕೊಡುತ್ತಿದ್ದ.
ಒಂದು ಎರಡಾಗಿ, ಎರಡು ನಾಲ್ಕಾಗಿ
ಒಂಬತ್ತನೇ ನಕಲಿನಲ್ಲಿ ಮುಖಗಳೆಲ್ಲ ಹಿಮವಾಗುತ್ತಿದ್ದವು.
ದನಿ ಮಾತ್ರ ಉಳಿಯುತ್ತಿತ್ತು.
ಅದರ ಜೊತೆಗೆ ಫ್ರಿಜ್ಜಿನ ಗುಂಯ್, ಒಂದು ಕೆಮ್ಮು,
ಮತ್ತೆ, ಗ್ರಹವೊಂದು ಸಿಡಿಯುವ ಹೊತ್ತಿಗೆ ಸರಿಯಾಗಿ,
ಹಿಂದೆಲ್ಲೋ ಹೆಂಗಸಿನ ದನಿ:
"ಬೊಗುಶ್, ಸಾರು ಆರ್ತಾ ಇದೆ."

ನಾವು ಮಕ್ಕಳು ಅದನ್ನೇ ಹಿಡಿದುಕೊಂಡೆವು.
ಶಾಲೆಯಲ್ಲಿ, ಕ್ಯೂಗಳಲ್ಲಿ, ಆಮೇಲೆ ಟೀ ಶರ್ಟಿನ ಮೇಲೆ,
ನಮ್ಮವರು ನಮ್ಮವರನ್ನು ಗುರುತಿಸಿದ್ದು ಹಾಗೆ:
ಸಾರು ಆರ್ತಾ ಇದೆ.
ಹೇಳಿದವಳು ಯಾರೆಂದು
ಯಾರೂ ಕೇಳಲಿಲ್ಲ. ನಾನೂ.

ಎದುರಿನ ಮಳಿಗೆ ಗ್ನೆವ್ಕೊನದು, ಇಪ್ಪತ್ತಮೂರು ವರ್ಷ.
ಮೂವತ್ತು ಜ್ವೋತಿ ಕೊಟ್ಟರೆ ಯಾವ ದೃಶ್ಯವನ್ನಾದರೂ
ಶ್ರೈತರ್ ದನಿಯಲ್ಲಿ ಮಾಡಿಕೊಡುತ್ತಾನೆ.
ತುಟಿಗಳೂ ಪೋಲಿಷಿನಲ್ಲೇ ಅಲುಗುತ್ತವೆ.
ಕೆಟ್ಟ ಹುಡುಗನಲ್ಲ. ಮೂರು ವರ್ಷ ಅಟ್ಟಗಳನ್ನು ಹುಡುಕಿ
ಬೂಷ್ಟು ಹಿಡಿದ ಟೇಪುಗಳನ್ನು ಬಿಸಿಮಾಡಿ ಒಣಗಿಸಿದವನು.
"ಎಲ್ಲ ಶುದ್ಧ ಮಾಡಿದ್ದೇನೆ ಸರ್,"
ಅಂದ, ಹೆಡ್‌ಫೋನು ಕೊಡುತ್ತಾ.

ಮುದುಕರು ಕೇಳಿದರು.
ತಾವೆಂದೂ ಓದದ ಸಿನಿಮಾದಲ್ಲಿ ತಾವು.
ತಪ್ಪೇ ಇಲ್ಲ, ಉಸಿರೂ ಇಲ್ಲ.
"ಚೆನ್ನಾಗಿ ಓದುತ್ತಾನೆ," ಅಂದರು. ಆಮೇಲೆ,
"ಕೆಳಗಿದ್ದವಳು ಎಲ್ಲಿ?"

ನಟಿಯ ವಿಷಯ ಅಂದುಕೊಂಡೆವು ನಾವಿಬ್ಬರೂ.
"ತಂತ್ರಜ್ಞಾನದಲ್ಲಿ ಈಗ ಕೆಳಗೆ ಅಂತ ಇರೋದಿಲ್ಲ ಸರ್,"
ಅಂತ ಶುರುಮಾಡಿದ ಹುಡುಗ ಅರ್ಧಕ್ಕೇ ನಿಲ್ಲಿಸಿದ.
ಅವರ ಕೈ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೇ ಇತ್ತು,
ಗೋಡೆಗೆ ಕಿವಿಯಿಟ್ಟವರ ಹಾಗೆ.

ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರಿತ್ತು, ಹೆಸರು 'ಕಸ'.
ಸೋಸಿ ತೆಗೆದದ್ದನ್ನೆಲ್ಲ ಅದೇಕೋ ಎಸೆದಿರಲಿಲ್ಲ.
ಹುಡುಕಿದ. ಹುಡುಕುತ್ತಾ ಕಿವಿ ಕೆಂಪಾಯಿತು.
ಅವಸರದಲ್ಲಿ ತಂತಿ ಕಳಚಿ, ಸದ್ದು ಸ್ಪೀಕರಿಗೇ ಹೋಯಿತು:
ಫ್ರಿಜ್ಜಿನ ಗುಂಯ್. ಸೌಟು ತಾಗಿದ ಸದ್ದು.
ಗ್ರಹವಿಲ್ಲ, ಸಿಡಿತವಿಲ್ಲ,
ಮೂವತ್ತೆಂಟು ವರ್ಷದ ಮೇಲೆ ಮೊದಲ ಸಲ
ಅವಳೊಬ್ಬಳೇ, ಸ್ಪಷ್ಟವಾಗಿ:
"ಬೊಗುಶ್, ಸಾರು ಆರ್ತಾ ಇದೆ."

ಸಾಲಿನಲ್ಲಿದ್ದ ಮಂತ್ರವಾದಿಗಳು, ಯೋಧರು, ಇಬ್ಬರು ಬೆಕ್ಕುಗಳು
ಒಟ್ಟಿಗೇ ಕೂಗಿದರು, ಸಾರು ಆರ್ತಾ ಇದೆ!
ಚಪ್ಪಾಳೆ. ಫೋನುಗಳು ಮೇಲೆದ್ದವು.

ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.
ನೀರು ಕೊಡಲು ಬಗ್ಗಿದ್ದ ನನಗೆ ಕೇಳಿಸಿತು.
"ಬಂದೆ," ಅಂದರು,
ಹವಾಮಾನ ವರದಿಯ ದನಿಯಲ್ಲೇ.

ಹಿಂದೆ ಡ್ರ್ಯಾಗನ್ನು ಕೇಳುತ್ತಿತ್ತು,
"ಮೇಡಂ, ಇಲ್ಲಿ ಊಟ ಎಲ್ಲಿ ಸಿಗುತ್ತೆ?"